ಸಾಧು ಬೆಕ್ಕು, ಸಿಡುಕು ಎತ್ತು: ತಳಿಯ ಸ್ವಭಾವ ಎಲ್ಲಿಂದ ಬರುತ್ತೆ?

ಹಾಸ್ಟೆಲ್‌ನಲ್ಲಿ ಈಗ ಯಾರ ಫೋನ್ ನೋಡಿದ್ರೂ ಒಂದು ಬೆಕ್ಕಿನ ರೀಲ್ ಇದ್ದೇ ಇರುತ್ತೆ. ನೀಲಿ ಕಣ್ಣು, ಮೈತುಂಬ ರೇಷ್ಮೆಯಂಥ ಕೂದಲು. ಎತ್ತಿಕೊಂಡ ಕೂಡಲೇ ಕೈಕಾಲು ಸಡಿಲ ಬಿಟ್ಟು ತೂಗಾಡುತ್ತೆ. ಅದರ ಹೆಸರೇ ರ‍್ಯಾಗ್‌ಡಾಲ್, ಅಂದ್ರೆ ಬಟ್ಟೆಗೊಂಬೆ. ನಮ್ಮೂರ ಬೆಕ್ಕನ್ನು ಹಾಗೆ ಎತ್ತಿದ್ರೆ ಮುಂಗೈ ಮೇಲೆ ನಾಲ್ಕು ಗೀರು ಗ್ಯಾರಂಟಿ. ಎರಡೂ ಬೆಕ್ಕೇ. ಹಾಗಾದ್ರೆ ಒಂದು ಅಷ್ಟು ಸಾಧು, ಇನ್ನೊಂದು ಇಷ್ಟು ಚುರುಕು ಆಗಿದ್ದು ಹೇಗೆ?

ಈ ಪ್ರಶ್ನೆಗೆ ಉತ್ತರ ಹುಡುಕ್ತಾ ನಾವು ಹೋಗಿ ತಲುಪಿದ್ದು ಬೆಕ್ಕಿನ ಹತ್ತಿರ ಅಲ್ಲ, ಹುಣಸೂರಿಗೆ. ಅಲ್ಲಿ ಒಂದು ಕಾಲದಲ್ಲಿ ಸರ್ಕಾರವೇ ದೊಡ್ಡ ಇಲಾಖೆ ಇಟ್ಕೊಂಡು ಇದಕ್ಕೆ ಪೂರ್ತಿ ಉಲ್ಟಾ ಸ್ವಭಾವದ ಒಂದು ತಳಿಯನ್ನು ಕಾಪಾಡ್ತಿತ್ತು: ಅಮೃತ ಮಹಲ್ ದನ. ನಮ್ಮ ಸಂಘದಲ್ಲಿ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಸ್ನೇಹಿತರು ಬೇಕಾದಷ್ಟು ಜನ ಇದ್ದಾರೆ. ರ‍್ಯಾಗ್‌ಡಾಲ್ ಹೆಸರು ಎಲ್ಲರಿಗೂ ಗೊತ್ತು. ಅಮೃತ ಮಹಲ್ ಅಂದ್ರೆ ‘ಕೇಳಿದ ಹಾಗಿದೆ’ ಅಂತಾರೆ. ಅದಕ್ಕೇ ಎರಡನ್ನೂ ಪಕ್ಕಪಕ್ಕ ಇಟ್ಟು ಈ ಪಾಠ.

ಮೊದಲು ಬೆಕ್ಕಿನ ಕಥೆ ಮುಗಿಸಿಬಿಡೋಣ. 1960ರ ದಶಕ, ಅಮೆರಿಕದ ಕ್ಯಾಲಿಫೋರ್ನಿಯಾದ ರಿವರ್‌ಸೈಡ್ ಎಂಬ ಊರು. ಅಲ್ಲಿ ಆ್ಯನ್ ಬೇಕರ್ ಎಂಬ ಬೆಕ್ಕು ಸಾಕುವ ಹೆಂಗಸು. ಹತ್ತಿರದಲ್ಲೇ ಓಡಾಡಿಕೊಂಡಿದ್ದ, ಅರೆಉದ್ದ ಕೂದಲಿನ ಬಿಳಿ ಬೆಕ್ಕು ಜೋಸೆಫೀನ್. ಜೋಸೆಫೀನ್‌ಗೆ ಒಮ್ಮೆ ಕಾರು ಬಡಿಯಿತು, ಚಿಕಿತ್ಸೆ ಆಗಿ ಬದುಕಿತು. ಅದರ ನಂತರ ಹಾಕಿದ ಮರಿಗಳು ತುಂಬಾ ಸಾಧು ಸ್ವಭಾವದವು, ಎತ್ತಿದ್ರೆ ಮೈ ಸಡಿಲ ಬಿಡ್ತಿದ್ವು ಅಂತ ಬೇಕರ್ ಹೇಳಿದರು. ಅಪಘಾತದಿಂದಲೇ ಈ ಗುಣ ಬಂತು, ಆಸ್ಪತ್ರೆಯಲ್ಲಿ ಜೀನ್ ಬದಲಾಗಿದೆ ಅನ್ನೋ ಮಟ್ಟಕ್ಕೂ ಅವರ ಕಥೆ ಬೆಳೀತು. 1971ರಲ್ಲಿ ತಮ್ಮದೇ ಒಂದು ನೋಂದಣಿ ಸಂಸ್ಥೆ ಮಾಡಿ, ‘ರ‍್ಯಾಗ್‌ಡಾಲ್’ ಹೆಸರಿಗೆ ಟ್ರೇಡ್‌ಮಾರ್ಕ್ ಕೂಡ ಪಡೆದರು. 1975ರ ಹೊತ್ತಿಗೆ ಡೆನ್ನಿ ಮತ್ತು ಲಾರಾ ಡೇಟನ್ ಎಂಬ ದಂಪತಿ ಅವರಿಂದ ಬೇರೆಯಾಗಿ, ಈ ತಳಿಯನ್ನು ಉಳಿದ ಸಂಸ್ಥೆಗಳಿಗೂ ಒಪ್ಪಿಸುವ ಕೆಲಸ ಹಿಡಿದರು. ಈಗ ನಾವು ನೋಡುವ ರ‍್ಯಾಗ್‌ಡಾಲ್ ಹೆಚ್ಚಿನ ಮಟ್ಟಿಗೆ ಆ ದಾರಿಯಲ್ಲಿ ಬಂದಿದ್ದು.

ಕಾರು ಬಡಿದಿದ್ದರಿಂದ ಮರಿಗಳು ಸಾಧು ಆದ್ವು ಅನ್ನೋದು ನಿಲ್ಲೋ ಮಾತಲ್ಲ. ಇದಕ್ಕೆ ಲ್ಯಾಬ್ ಬೇಡ, ನಮ್ಮ ಹಟ್ಟಿ ಸಾಕು. ನಮ್ಮ ಜನ ಎಷ್ಟು ಸಾವಿರ ವರ್ಷಗಳಿಂದ ದನಕ್ಕೆ ಮೂಗು ಚುಚ್ಚಿ ಮೂಗುದಾರ ಹಾಕ್ತಿದ್ದಾರೆ? ಆದ್ರೂ ಇವತ್ತು ಹುಟ್ಟಿದ ಕರುವಿಗೆ ಮೂಗಲ್ಲಿ ತೂತು ಇರಲ್ಲ. ಮೈ ಮೇಲೆ ಆದ ಗಾಯ ಮರಿಗೆ ದಾಟಲ್ಲ. ಬೇಕರ್ ನಿಜವಾಗಿ ಮಾಡಿದ್ದು ಅವರು ಹೇಳಿಕೊಂಡ ಕಥೆಗಿಂತ ಸರಳ, ಮತ್ತು ನಮ್ಮ ಪ್ರಕಾರ ಹೆಚ್ಚು ಜಾಣತನದ್ದು. ಪ್ರತಿ ಸೂಲಿನಲ್ಲೂ ಸಾಧು ಮರಿಗಳನ್ನೇ ಆರಿಸಿ, ಅವನ್ನೇ ಮುಂದಿನ ತಾಯಿತಂದೆ ಮಾಡಿದರು. ಉಳಿದವನ್ನು ತಳಿಯಿಂದ ಹೊರಗಿಟ್ಟರು. ಅಷ್ಟೇ.

ಕೂದಲಿನ ಲೆಕ್ಕ ಇನ್ನೂ ಸುಲಭ. ಕೂದಲು ಇಂತಿಷ್ಟು ಬೆಳೆದ ಮೇಲೆ ‘ಸಾಕು, ನಿಲ್ಲಿಸು’ ಅಂತ ಹೇಳುವ ಒಂದು ಜೀನ್ ಇದೆ, ಎಫ್‌ಜಿಎಫ್-5 ಅಂತ. ಅದು ಕೆಟ್ಟಿರುವ ಪ್ರತಿ ತಾಯಿಯಿಂದಲೂ ತಂದೆಯಿಂದಲೂ ಬಂದ್ರೆ ಕೂದಲು ಉದ್ದ ಬೆಳೆಯುತ್ತೆ. ಒಬ್ಬರಿಂದ ಮಾತ್ರ ಬಂದ್ರೆ ಗಿಡ್ಡ. ಅಂದ್ರೆ ಪಕ್ಕಾ ಸ್ವಿಚ್, ಆನ್ ಇಲ್ಲವೇ ಆಫ್. ಸ್ವಭಾವ ಹಾಗಲ್ಲ. ಅದು ವಾಲ್ಯೂಮ್ ಗುಂಡಿ ಇದ್ದ ಹಾಗೆ. ಎಷ್ಟೋ ಜೀನ್‌ಗಳು ಸ್ವಲ್ಪಸ್ವಲ್ಪ ತಿರುಗಿಸಿರ್ತವೆ, ಸಾಕಿದ ರೀತಿಯೂ ಒಂದಿಷ್ಟು ತಿರುಗಿಸುತ್ತೆ.

ತಳಿ ಮಾಡುವವರು ಇದಕ್ಕೊಂದು ಸಮೀಕರಣ ಬಳಸ್ತಾರೆ, ನಮ್ಮ ಕಂಟ್ರೋಲ್ ಸಿಸ್ಟಮ್ಸ್ ಪೇಪರಿಗೆ ಹೋಲಿಸಿದ್ರೆ ಏನೂ ಅಲ್ಲ. ಆರಿಸಿದ ತಾಯಿತಂದೆಯರ ಸರಾಸರಿ, ಇಡೀ ಹಿಂಡಿನ ಸರಾಸರಿಗಿಂತ ಎಷ್ಟು ಹೆಚ್ಚಿದೆಯೋ ಅದನ್ನು ಅನುವಂಶೀಯತೆಯ ಗುಣಾಂಕದಿಂದ ಗುಣಿಸಬೇಕು. ಬಂದಿದ್ದು ಮುಂದಿನ ತಲೆಮಾರಿನ ಏರಿಕೆ. ಒಂದು ಊಹೆಯ ಲೆಕ್ಕ ನೋಡಿ. ಸಾಧುತನಕ್ಕೆ 100ಕ್ಕೆ ಅಂಕ ಕೊಡ್ತೀವಿ ಅಂದ್ಕೊಳ್ಳೋಣ. ಹಿಂಡಿನ ಸರಾಸರಿ 40, ಆರಿಸಿದವುಗಳ ಸರಾಸರಿ 60, ಗುಣಾಂಕ 0.3. ವ್ಯತ್ಯಾಸ 20, ಗುಣಿಸಿದ್ರೆ 6. ಮರಿಗಳ ಸರಾಸರಿ 46. ಒಂದು ತಲೆಮಾರಿಗೆ 6 ಅಂಕ ಅಂದ್ರೆ ಏನೂ ಅನ್ಸಲ್ಲ. ಹತ್ತು ತಲೆಮಾರು ಬಿಡದೆ ಮಾಡಿದ್ರೆ ಪ್ರಾಣಿಯೇ ಬೇರೆ ಆಗಿರುತ್ತೆ. 1959ರಲ್ಲಿ ರಷ್ಯಾದ ನೊವೊಸಿಬಿರ್‌ಸ್ಕ್‌ನಲ್ಲಿ ದಿಮಿತ್ರಿ ಬೆಲ್ಯಾಯೆವ್ ತುಪ್ಪಳದ ನರಿಗಳ ಮೇಲೆ ಶುರುಮಾಡಿದ ಪ್ರಯೋಗ ಇದನ್ನೇ ತೋರಿಸ್ತು. ಮನುಷ್ಯರನ್ನು ಕಂಡು ಹೆದರದ, ಕಚ್ಚದ ನರಿಗಳನ್ನೇ ಆರಿಸ್ತಾ ಹೋದರು. ಕೆಲವೇ ತಲೆಮಾರುಗಳಲ್ಲಿ ಬಾಲ ಅಲ್ಲಾಡಿಸೋ ನರಿಗಳು ಹುಟ್ಟಿದ್ವು.

ಈ ಗುಂಡಿಯನ್ನು ಸಾಧುತನದ ಕಡೆಗೆ ತಿರುಗಿಸಬಹುದು ಅಂದ್ರೆ ಉಲ್ಟಾ ಕಡೆಗೂ ತಿರುಗಿಸಬಹುದು ಅಲ್ವಾ? ಮೈಸೂರು ಸೀಮೆಯಲ್ಲಿ ಅದೇ ಆಯ್ತು. ಈಗ ಹುಣಸೂರಿನ ಕಥೆ.

ಅಮೃತ ಮಹಲ್‌ನ ಬೇರು ಹಳ್ಳಿಕಾರ್ ದನದಲ್ಲಿದೆ. ವಿಜಯನಗರದ ಅರಸರ ಪ್ರತಿನಿಧಿಯೊಬ್ಬ ಶ್ರೀರಂಗಪಟ್ಟಣದಲ್ಲಿ ಆಳ್ತಿದ್ದಾಗ ಅಲ್ಲಿಗೆ ಹಳ್ಳಿಕಾರ್ ಹಸುಗಳನ್ನು ತರಿಸಿದ ಅನ್ನೋದು ಈ ತಳಿಯ ದಾಖಲೆಯ ಮೊದಲ ಸಾಲು. ಆಮೇಲೆ ಮೈಸೂರು ಒಡೆಯರ ಕೈಗೆ ಹಿಂಡು ಬಂತು. ಅದನ್ನು ಒಂದು ಇಲಾಖೆಯ ಶಿಸ್ತಿಗೆ ತಂದವರು ಚಿಕ್ಕದೇವರಾಜ ಒಡೆಯರು (ಆಳ್ವಿಕೆ 1673ರಿಂದ 1704). ಆ ಇಲಾಖೆಯ ಹೆಸರು ‘ಬೆಣ್ಣೆ ಚಾವಡಿ’. ಅರಮನೆಗೆ ಹಾಲು ಬೆಣ್ಣೆ ಒದಗಿಸೋದು ಕೆಲಸ. ಹೈದರಾಲಿ, ಟಿಪ್ಪು ಕಾಲಕ್ಕೆ ಅದೇ ಹಿಂಡು ಯುದ್ಧಕ್ಕೆ ಹೊರಟಿತು, ಟಿಪ್ಪು ಅದರ ಹೆಸರನ್ನು ‘ಅಮೃತ ಮಹಲ್’ ಅಂತ ಬದಲಾಯಿಸಿದ. ತಮಾಷೆ ನೋಡಿ, ಒಂದು ಹೆಸರಲ್ಲಿ ಬೆಣ್ಣೆ, ಇನ್ನೊಂದರಲ್ಲಿ ಅಮೃತ. ಆದ್ರೆ ಈ ಹಸು ಕರುವಿಗೆ ಕುಡಿಸಿ ಮಿಗಿಸೋದು ಕಮ್ಮಿ. ಇದರ ಖ್ಯಾತಿ ಪೂರ್ತಿ ಎತ್ತಿನದು, ಫಿರಂಗಿ ಎಳೆಯೋ ಎತ್ತಿನದು.

ಆ ಕಾಲದ ಯುದ್ಧದಲ್ಲಿ ವೇಗ ಅಂದ್ರೆ ಎತ್ತಿನ ವೇಗ. ಸೈನಿಕ ನಡೆದು ಹೋಗಬಹುದು, ಕುದುರೆ ಓಡಬಹುದು, ಆದ್ರೆ ಫಿರಂಗಿ ಬರೋ ತನಕ ಎಲ್ಲರೂ ಕಾಯಬೇಕು. ಲೂಯಿ ರೈಸ್ ಸಂಪಾದಿಸಿದ ಮೈಸೂರು ಗೆಜೆಟಿಯರ್‌ನಲ್ಲಿ ಈ ಎತ್ತುಗಳ ಲೆಕ್ಕ ಇದೆ. ಚಿದಂಬರದ ನೆರವಿಗೆ ಹೈದರ್ ಎರಡೂವರೆ ದಿನದಲ್ಲಿ 100 ಮೈಲಿ ಸಾಗಿದ. ಜನರಲ್ ಮೆಡೋಸ್‌ನ ಸೈನ್ಯದ ಎದುರಲ್ಲೇ ಟಿಪ್ಪು ಎರಡು ದಿನದಲ್ಲಿ 63 ಮೈಲಿ ನಡೆಸಿದ. ಕಿಲೋಮೀಟರಿಗೆ ತಿರುಗಿಸಿದ್ರೆ ಮೊದಲನೇದು ದಿನಕ್ಕೆ 64, ಎರಡನೇದು ದಿನಕ್ಕೆ 51. ಅದೂ ಡಾಂಬರಿಲ್ಲದ ದಾರಿ, ಹಿಂದೆ ಕಬ್ಬಿಣದ ಫಿರಂಗಿ. ಸಾಮಾನು ತುಂಬಿದ ಗಾಡಿಗೆ ಕಟ್ಟಿದ ಸಾಧಾರಣ ಎತ್ತು ಇದರ ಅರ್ಧ ಹೋದ್ರೂ ದೊಡ್ಡ ಮಾತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರಿಗೆ ಈ ಹಿಂಡಿನ ಮೇಲೆ ಕಣ್ಣು ಬಿದ್ದಿದ್ದು ಸುಮ್ಮನೆ ಅಲ್ಲ.

ಹಿಂಡು ಮೊದಲು ಮೈಸೂರು ಅರಸರ ಸುಪರ್ದಿಗೆ ಬಂತು, ಅಲ್ಲಿ ಸೊರಗಿತು. 1813ರಲ್ಲಿ ಕ್ಯಾಪ್ಟನ್ ಹಾರ್ವೆ ಎಂಬ ಅಧಿಕಾರಿ ಉಸ್ತುವಾರಿ ವಹಿಸಿಕೊಂಡ. ಅಲ್ಲಿಂದ ಇದು ಮದ್ರಾಸ್ ಸೈನ್ಯದ ಸರಬರಾಜು ಇಲಾಖೆಯ ವ್ಯವಹಾರ, ಮತ್ತು ಅದರ ಮುಖ್ಯ ಠಾಣೆ ಹುಣಸೂರು.

ಹುಣಸೂರೇ ಯಾಕೆ? ಭೂಪಟ ತೆಗೆದು ನೋಡಿ. ಪಶ್ಚಿಮಕ್ಕೆ ನಾಗರಹೊಳೆ ಕಾಡು, ಅದರಾಚೆ ಕೊಡಗು. ಈಶಾನ್ಯಕ್ಕೆ ಕೆ.ಆರ್. ನಗರ, ಪೂರ್ವಕ್ಕೆ ಮೈಸೂರು ಕಡೆಯ ಬಯಲು. ಪಿರಿಯಾಪಟ್ಟಣವೂ ಪಶ್ಚಿಮದ ಕಡೆಗೇ, ದಕ್ಷಿಣಕ್ಕೆ ಎಚ್.ಡಿ. ಕೋಟೆ. ನಡುವೆ ಲಕ್ಷ್ಮಣತೀರ್ಥ ಹೊಳೆ. ಮಲೆನಾಡಿನ ಮಳೆಯೂ ಅಲ್ಲ, ಬಯಲುಸೀಮೆಯ ಬರವೂ ಅಲ್ಲ. ಅಂಥ ನೆಲದಲ್ಲಿ ಹುಲ್ಲು ಚೆನ್ನಾಗಿ ಬರುತ್ತೆ. ಸುತ್ತಲ ಒಳ್ಳೆ ಮೇವಿಗಾಗಿಯೇ ಈ ಊರನ್ನು ಆರಿಸಿದ್ದು ಅಂತ ಗೆಜೆಟಿಯರ್ ಹೇಳುತ್ತೆ. ಜೊತೆಗೆ ಸೈನ್ಯಕ್ಕೆ ಬೇಕಾದ ಚರ್ಮ ಹದ ಮಾಡೋ ಕಾರ್ಖಾನೆ, ಕಂಬಳಿ ಕಾರ್ಖಾನೆ, ಮರದ ಕೆಲಸ ಎಲ್ಲ ಇಲ್ಲೇ ನಡೀತಿತ್ತು. ಸರ್ಕಾರಿ ಕಾರ್ಖಾನೆಗಳು ಮುಚ್ಚಿದ ಮೇಲೂ ಬಂಡಿ, ಬೂಟು, ಕಂಬಳಿ ಮಾಡೋ ಕಸುಬು ಊರಲ್ಲಿ ಉಳೀತು. ಒಂದು ರೀತೀಲಿ ನಮ್ಮ ಜಿಲ್ಲೆಯ ಮೊದಮೊದಲ ಇಂಡಸ್ಟ್ರಿಯಲ್ ಏರಿಯಾ ಅದು, ಬಸ್ಸಲ್ಲಿ ಹುಣಸೂರು ದಾಟೋವಾಗ ಯಾರಿಗೂ ನೆನಪಾಗಲ್ಲ.

ಇನ್ನು ಸ್ವಭಾವ. ಅಮೃತ ಮಹಲ್ ದನ ಹಟ್ಟಿಯಲ್ಲಿ ಬೆಳೀತಿರಲಿಲ್ಲ, ಕಾವಲಿನಲ್ಲಿ ಬೆಳೀತಿತ್ತು. ಕಾವಲು ಅಂದ್ರೆ ಸರ್ಕಾರ ಕಾದಿಟ್ಟ ಹುಲ್ಲುಗಾವಲು. ಮೈಸೂರು ಸಂಸ್ಥಾನದ ಉದ್ದಕ್ಕೂ ಇಂಥವು ಹರಡಿಕೊಂಡಿದ್ವು, ಬೇಸಿಗೆ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಅಂತ ವಿಂಗಡಣೆ. ಬೇಸಿಗೆಯದಕ್ಕೆ ನೆರಳು, ಕೆರೆ ನೀರು ಬೇಕು. ಮಳೆಗಾಲದ್ದು ಕೆಸರಾಗಬಾರದು. ಕಾಲಕ್ಕೆ ತಕ್ಕ ಹಾಗೆ ಹಿಂಡು ಒಂದರಿಂದ ಇನ್ನೊಂದಕ್ಕೆ ನಡೆದು ಹೋಗ್ತಿತ್ತು. ಕೊಟ್ಟಿಗೆ ಇಲ್ಲ, ಹಿಂಡಿ ಬೂಸ ಇಲ್ಲ. ಮಳೆ, ಬಿಸಿಲು, ಚಿರತೆ ಎಲ್ಲ ಅಲ್ಲೇ. ಕಾಣೋ ಮನುಷ್ಯರು ಅಂದ್ರೆ ನಾಲ್ಕಾರು ಕಾವಲುಗಾರರು.

ಇಲ್ಲಿ ಯಾವುದು ಉಳಿಯುತ್ತೆ? ನಡೆಯಲಾರದ್ದು ಹಿಂದೆ ಬೀಳುತ್ತೆ. ಕರುವನ್ನು ಕಾಯಲಾರದ ತಾಯಿಯ ವಂಶ ಮುಂದುವರಿಯಲ್ಲ. ಅದರ ಮೇಲೆ ಇಲಾಖೆಯ ಆಯ್ಕೆ ಬೇರೆ. ಬೀಜದ ಹೋರಿಗಳನ್ನು ಆರಿಸೋದು ನಡಿಗೆ, ಗೊರಸು, ದಮ್ಮು ನೋಡಿ. ಮಂದ ದನವನ್ನು ತೆಗೆದುಹಾಕೋದು. ಪ್ರಕೃತಿ ಒಂದು ಕೈ, ಸರ್ಕಾರ ಇನ್ನೊಂದು ಕೈ, ಎರಡೂ ಗುಂಡಿಯನ್ನು ಒಂದೇ ಕಡೆಗೆ ತಿರುಗಿಸಿದ್ವು. ಹೊರಬಂದ ಪ್ರಾಣಿಗೆ ಬೂದು ಮೈ, ಬಿಗಿಯಾದ ಕಾಲು, ಉದ್ದ ಮುಖ, ಹಣೆಯಲ್ಲಿ ಹತ್ತಿರಹತ್ತಿರ ಹುಟ್ಟಿ ಹಿಂದಕ್ಕೆ ಬಾಗಿ ಮತ್ತೆ ಮುಂದೆ ತಿರುಗಿ ಚೂಪಾಗೋ ಕೊಂಬು. ಅಪರಿಚಿತರು ಹತ್ತಿರ ಹೋದ್ರೆ ತಲೆ ಎತ್ತಿ ನೋಡುತ್ತೆ, ಇನ್ನೂ ಹತ್ತಿರ ಹೋದ್ರೆ ತಲೆ ತಗ್ಗಿಸುತ್ತೆ. ತಗ್ಗಿಸಿದ್ರೆ ನೀವು ಓಡಬೇಕು ಅಂತ ಅರ್ಥ.

ಹಾಗಂತ ಇದನ್ನು ‘ಕೆಟ್ಟ ಸ್ವಭಾವ’ ಅಂದ್ಬಿಡೋದು ಸರಿಯಲ್ಲ ಅಂತ ನಮ್ಮ ಅನಿಸಿಕೆ. ಪಳಗಿಸೋಕೆ ಸಮಯ, ತಾಳ್ಮೆ ಎರಡೂ ಬೇಕು. ಹೊಡೆದು ಬಡಿದು ಮಾಡಿದ್ರೆ ಹಟ ಹಿಡಿಯುತ್ತೆ. ಪಳಗಿದ ಮೇಲೆ ಮಾತ್ರ ದಣಿಯದೆ ದುಡಿಯುತ್ತೆ. ಫಿರಂಗಿ ಸದ್ದಿನ ನಡುವೆ ನುಗ್ಗಬೇಕಾದ ಎತ್ತು ರ‍್ಯಾಗ್‌ಡಾಲ್ ಥರ ಮೈ ಸಡಿಲ ಬಿಟ್ರೆ ಆಗುತ್ತಾ?

ಸ್ವಭಾವ ಪೂರ್ತಿ ರಕ್ತದಲ್ಲೇ ಇಲ್ಲ ಅನ್ನೋದನ್ನೂ ಇಲ್ಲೇ ಹೇಳಬೇಕು. 1995ರಲ್ಲಿ ಸ್ಯಾಂಡ್ರಾ ಮೆಕ್ಯೂನ್ ಪ್ರಕಟಿಸಿದ ಬೆಕ್ಕಿನ ಅಧ್ಯಯನದಲ್ಲಿ ಎರಡೂ ಕಾಣುತ್ತೆ. ಸ್ನೇಹದ ಸ್ವಭಾವ ಇರೋ ಗಂಡು ಬೆಕ್ಕಿನ ಮರಿಗಳು ಹೆಚ್ಚು ಧೈರ್ಯದವು. ಗಂಡು ಬೆಕ್ಕು ಮರಿ ಸಾಕೋಕೆ ಬರಲ್ಲ, ಹಾಗಾಗಿ ಅದು ರಕ್ತದ ಪಾಲು. ಎಳೆಯ ವಾರಗಳಲ್ಲಿ ಮನುಷ್ಯರ ಕೈಯಲ್ಲಿ ಆಡಿದ ಮರಿಗಳು ಜನರೊಂದಿಗೆ ಹೆಚ್ಚು ಸಲೀಸು. ಅದು ಸಾಕಿದ ರೀತಿಯ ಪಾಲು. ಕಾವಲಿನ ಕರುವಿಗೆ ಆ ಎರಡನೇ ಪಾಲು ಸಿಗೋದೇ ಇಲ್ಲ. ಅದನ್ನೇ ಹಳ್ಳಿಯ ಮನೆಯಲ್ಲಿ, ಮಕ್ಕಳು ಮೈ ತಿಕ್ಕಿ ಬೆಳೆಸಿದ್ರೆ ಸಿಡುಕು ಎಷ್ಟೋ ಇಳಿಯುತ್ತೆ. ಅಕ್ಕತಂಗಿ ಅನ್ನಬಹುದಾದ ಹಳ್ಳಿಕಾರ್ ತಳಿಯೇ ಸಾಕ್ಷಿ. ಸಂಕ್ರಾಂತಿ ಹೊತ್ತಿಗೆ ಕೆ.ಆರ್. ನಗರ ಕಡೆಯ ಚುಂಚನಕಟ್ಟೆ ದನದ ಜಾತ್ರೆಗೆ ಹೋದವರು ನೋಡಿರ್ತೀರಿ. ಅದೇ ಬೂದು, ಅದೇ ಕೊಂಬು. ಹಾರ ಹಾಕಿಸ್ಕೊಂಡು ಜನರ ನಡುವೆ ನಿಂತಿರುತ್ತೆ. ಸಾಧು ಅನ್ನೋಕಾಗಲ್ಲ, ಆದ್ರೆ ಯಜಮಾನನ ದನಿ ಗೊತ್ತಿರುತ್ತೆ.

ಈಗ ಕಷ್ಟದ ಭಾಗ. ಒಂದು ಕೆಲಸಕ್ಕಾಗಿ ರೂಪಿಸಿದ ತಳಿಗೆ ಆ ಕೆಲಸವೇ ಇಲ್ಲದಿದ್ರೆ?

ಅಮೃತ ಮಹಲ್‌ಗೆ ಇದು ಎರಡು ಸಲ ಆಗಿದೆ. ಮೊದಲನೇದು 1860ರಲ್ಲಿ. ಖರ್ಚು ಉಳಿಸಬೇಕು ಅಂತ ಇಲಾಖೆಯನ್ನೇ ರದ್ದು ಮಾಡಿ ಹಿಂಡನ್ನು ಮಾರಿದರು. ಬೇಕಾದಾಗ ಪೇಟೆಯಲ್ಲಿ ಎತ್ತು ಕೊಂಡರಾಯ್ತು ಅನ್ನೋ ಲೆಕ್ಕ. ಪೇಟೆಯಲ್ಲಿ ಅಂಥ ಎತ್ತು ಸಿಗಲಿಲ್ಲ. 1866ರಲ್ಲಿ ಚದುರಿ ಹೋದ ದನಗಳಲ್ಲಿ ಸಿಕ್ಕಷ್ಟನ್ನು ಮತ್ತೆ ಕೂಡಿಸಿ ಇಲಾಖೆ ತೆರೆದರು. ಆಯ್ಕೆಯಿಂದ ಕಟ್ಟಿದ್ದನ್ನು ಹರಾಜಲ್ಲಿ ಕಳೆಯೋಕೆ ಒಂದು ದಿನ ಸಾಕು, ವಾಪಸ್ ಕಟ್ಟೋಕೆ ಸಮೀಕರಣ ಹೇಳೋ ಅಷ್ಟು ತಲೆಮಾರು ಬೇಕು. 1882ರಲ್ಲಿ ಇಲಾಖೆ ಮೈಸೂರು ಸರ್ಕಾರಕ್ಕೆ ಬಂತು. 20ನೇ ಶತಮಾನದಲ್ಲಿ ಇದರ ಕೇಂದ್ರ ಹುಣಸೂರಿನಿಂದ ದೂರದ ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರಕ್ಕೆ ಹೋಗಿ ನೆಲೆಯಾಯ್ತು.

ಎರಡನೇ ಸಲದ್ದು ಇವತ್ತಿಗೂ ನಡೀತಿದೆ. ಫಿರಂಗಿಗೆ ಲಾರಿ ಬಂತು, ನೇಗಿಲಿಗೆ ಟ್ರ್ಯಾಕ್ಟರ್ ಬಂತು. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ತಂಬಾಕು, ಡೇರಿ ಎರಡೇ ಕೈಗೆ ನಾಲ್ಕು ಕಾಸು ತರೋದು, ಡೇರಿಗೆ ಬೇಕಾಗಿದ್ದು ಎಚ್‌ಎಫ್ ಮಿಶ್ರತಳಿ ಹಸು. ಹಾಲೂ ಕೊಡದ, ಕಟ್ಟೋಕೂ ಆಗದ ದನವನ್ನು ಯಾವ ರೈತ ಸಾಕ್ತಾನೆ? ಅವನನ್ನು ದೂರಿ ಪ್ರಯೋಜನ ಇಲ್ಲ.

ದನ ಹೋದ ಹಿಂದೆಯೇ ಕಾವಲುಗಳೂ ಹೋದ್ವು. ಕೆಲವು ಸಾಗುವಳಿಗೆ ಹಂಚಿಕೆಯಾದ್ವು, ಕೆಲವು ನೆಡುತೋಪಾದ್ವು. ಹೆಸರಿನ ಕೊನೆಗೆ ‘ಕಾವಲು’ ಅಂತ ಇರೋ ಊರುಗಳಲ್ಲಿ ಎಷ್ಟೋ ಕಡೆ ಈಗ ಹುಲ್ಲಿಲ್ಲ. ಎಂಜಿನಿಯರಿಂಗ್ ಓದೋ ನಮಗೆ ಇದರಲ್ಲಿ ನೇರ ಸಂಬಂಧ ಇರೋ ಒಂದು ಸಂಗತಿ ಇದೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನಲ್ಲಿ ಸುಮಾರು 10,000 ಎಕರೆ ಅಮೃತ ಮಹಲ್ ಕಾವಲನ್ನು ಡಿಆರ್‌ಡಿಒ, ಇಸ್ರೊ, ಭಾಭಾ ಅಣು ಸಂಶೋಧನಾ ಕೇಂದ್ರ, ಭಾರತೀಯ ವಿಜ್ಞಾನ ಸಂಸ್ಥೆ ಮುಂತಾದವಕ್ಕೆ ಕೊಡಲಾಯಿತು. ಅಲ್ಲೇ ಕುರಿ ಮೇಯಿಸಿ ಕಂಬಳಿ ನೇಯ್ದು ಬದುಕ್ತಿದ್ದ ಹಳ್ಳಿಯವರ ತಕರಾರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿವರೆಗೂ ಹೋಯಿತು. 2023ರ ಏಪ್ರಿಲ್ 2ರಂದು ಇಸ್ರೊ ತನ್ನ ರೆಕ್ಕೆಯ ಮರುಬಳಕೆ ವಾಹನವನ್ನು ಹೆಲಿಕಾಪ್ಟರಿನಿಂದ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಬಿಟ್ಟು, ಅದು ತಾನಾಗೇ ರನ್‌ವೇಗೆ ಇಳಿದಿದ್ದು ಇದೇ ಚಳ್ಳಕೆರೆಯ ಪರೀಕ್ಷಾ ಕೇಂದ್ರದಲ್ಲಿ. ಆ ವಿಡಿಯೊ ನೋಡಿ ನಾವೆಲ್ಲ ಚಪ್ಪಾಳೆ ಹೊಡೆದಿದ್ದೀವಿ, ಅದರಲ್ಲಿ ತಪ್ಪಿಲ್ಲ. ಆದ್ರೆ ‘ಖಾಲಿ ಜಾಗ’ ಅಂತ ಯಾರಾದ್ರೂ ಅಂದ್ರೆ ಅದು ಖಾಲಿ ಇರಲಿಲ್ಲ ಅಂತ ಹೇಳೋಕೆ ನಮಗೆ ಗೊತ್ತಿರಬೇಕು. ಹುಲ್ಲುಗಾವಲು ಖಾಲಿ ಕಾಣೋದೇ ಅದರ ಗ್ರಹಚಾರ.

‘ಹಾಗಾದ್ರೆ ಅಮೃತ ಮಹಲ್‌ನ್ನೂ ಆರಿಸಿ ಆರಿಸಿ ಸಾಧು ಮಾಡಿಬಿಟ್ರೆ ಜನ ಸಾಕ್ತಾರಲ್ಲ?’ ಅಂತ ಚರ್ಚೆಯಲ್ಲಿ ಒಂದು ಪ್ರಶ್ನೆ ಬಂತು. ಸಮೀಕರಣದ ಪ್ರಕಾರ ಆಗುತ್ತೆ. ಆದ್ರೆ ಸಾಧುತನಕ್ಕೆ ಅಂತ ಕೆಲವನ್ನೇ ಆರಿಸಿದ್ರೆ ಉಳಿದವುಗಳ ಜೊತೆ ಅವುಗಳ ದಮ್ಮು, ಬರ ತಡೆಯೋ ಶಕ್ತಿ, ಕರು ಕಾಯೋ ಬುದ್ಧಿ ಎಲ್ಲ ಹೊರಗೆ ಹೋಗಬಹುದು. ಇರೋ ಹಿಂಡೇ ಚಿಕ್ಕದು. ರ‍್ಯಾಗ್‌ಡಾಲ್‌ನಲ್ಲೇ ಈ ಬೆಲೆ ಕಾಣುತ್ತೆ. ಬೆರಳೆಣಿಕೆಯ ಬೆಕ್ಕುಗಳಿಂದ ಶುರುವಾದ ತಳಿ ಅದು. ಹೃದಯದ ಗೋಡೆ ದಪ್ಪವಾಗೋ ಕಾಯಿಲೆಗೆ ಕಾರಣವಾದ ಒಂದು ಜೀನ್ ದೋಷ ಅದರಲ್ಲಿ ಹರಡಿದೆ. 2007ರಲ್ಲಿ ಅದನ್ನು ಗುರುತಿಸಿದ ಮೇಲೆ ಒಳ್ಳೆ ತಳಿಗಾರರು ಪರೀಕ್ಷೆ ಮಾಡಿಸಿಯೇ ಮರಿ ಹಾಕಿಸ್ತಾರೆ. ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಸಾವಿರಾರು ರೂಪಾಯಿ ಕೊಟ್ಟು ಮರಿ ತರೋ ಯೋಚನೆ ಇರೋರು ಮೊದಲು ಕೇಳಬೇಕಾದ್ದು ಕಣ್ಣಿನ ಬಣ್ಣ ಅಲ್ಲ, ತಾಯಿತಂದೆಯ ಆ ಪರೀಕ್ಷೆಯ ಚೀಟಿ.

ಅಮೃತ ಮಹಲ್ ನೋಡಬೇಕು ಅನ್ನೋರಿಗೆ ಬೀರೂರು, ಅಜ್ಜಂಪುರದ ಕಡೆ ಸರ್ಕಾರದ ಹಿಂಡು ಇನ್ನೂ ಇದೆ, ಹೋರಿಗರುಗಳನ್ನು ಅಲ್ಲಿ ಹರಾಜು ಹಾಕ್ತಾರೆ. ಕೊಳ್ಳೋಕೆ ದೂರದೂರದಿಂದ ರೈತರು ಬರ್ತಾರೆ. ಟ್ರ್ಯಾಕ್ಟರ್ ಇದ್ರೂ ಬರ್ತಾರೆ. ಮೈಸೂರಿನಿಂದ ರೈಲಲ್ಲಿ ಅರಸೀಕೆರೆ ಮೇಲೆ ಹೋದ್ರೆ ಬೀರೂರು ಸಿಗುತ್ತೆ, ಅದೇ ರೈಲು ಕೆ.ಆರ್. ನಗರದ ಮೇಲೇ ಹೋಗೋದು. ಹೋದಾಗ ಬೇಲಿಯಾಚೆ ನಿಂತು ನೋಡಿ, ಸೆಲ್ಫಿಗೆ ಅಂತ ಒಳಗೆ ಇಳೀಬೇಡಿ. ಕಾವಲುಗಾರ ಜೊತೆಗಿದ್ರೆ ಅವನು ಮೊದಲು ಕೂಗ್ತಾನೆ, ಆಮೇಲೆ ಹತ್ತಿರ ಹೋಗ್ತಾನೆ. ದನ ತಲೆ ಎತ್ತಿ ಆ ದನಿ ಗುರುತು ಹಿಡಿದು ಮತ್ತೆ ಮೇಯೋಕೆ ಶುರುಮಾಡುತ್ತೆ.